ಪರಾಸ್ಕಾಳ ಆರು ಅಡುಗೆಮನೆಗಳು

ಒಂದೇ ಡಬ್ಬಿಯೊಳಗೆ ಎಂಟು ತಲೆಗಳು ಕೂತು ಲೆಕ್ಕ ಮಾಡುತ್ತವೆಂದು ಮುದುಕಿ ಪರಾಸ್ಕಾ ಮೊದಲು ಕೇಳಿದ್ದು, ಮಹಡಿಯ ಬಾಡಿಗೆ ಹುಡುಗಿ ಮೊನಿಕ್ ಕಂಪ್ಯೂಟರ್ ಹೊತ್ತು ತಂದ ದಿನ.

"ಎಂಟು ತಲೆ ಒಂದೇ ಮನೇಲಾ? ಜಗಳ ಆಡಲ್ವೇನೇ?"

"ಆಡ್ತಾವಜ್ಜಿ. ಮೆಮೊರಿ ಅನ್ನೋ ಉಗ್ರಾಣ ಒಂದೇ, ಎಲ್ಲಾ ಒಟ್ಟಿಗೇ ಕೈ ಹಾಕ್ತಾವೆ. ಅದಕ್ಕೇ ಕೆಲವರು ಬೇರೆ ಬೇರೆ ಡಬ್ಬಿ ಇಟ್ಟು ನಡುವೆ ತಂತಿ ಎಳೀತಾರೆ, ಕ್ಲಸ್ಟರ್ ಅಂತ. ಯಾವುದು ಮೇಲು ಅನ್ನೋದೇ ನನ್ನ ಪ್ರಬಂಧ."

ಪರಾಸ್ಕಾಳಿಗೆ ಜ್ಞಾನೋದಯವಾಯಿತು. ವಿನಿಪೆಗ್‌ನ ಅವಳ ಚರ್ಚಿನ ನೆಲಮಾಳಿಗೆಯಲ್ಲೂ ಇದೇ ಪಾಡು. ಕ್ರಿಸ್‌ಮಸ್ ಮಾರಾಟಕ್ಕೆ ಪೆರೋಗಿ ಎಂಬ ಆಲೂಗಡ್ಡೆ ಕಡುಬು ಮಡಚಲು ಒಂದೇ ಮೇಜಿನ ಸುತ್ತ ಆರು ಮುದುಕಿಯರು. ಹೂರಣದ ಪಾತ್ರೆ ಒಂದು, ಕೈ ಹನ್ನೆರಡು, ಬಾಯಿ ಆರು (ದುಡಿಯುತ್ತಿದ್ದದ್ದು ಬಾಯಿಯೇ ಹೆಚ್ಚು). ಈ ಸಲ ನೂರು ಡಜನ್ ಆಗದಿದ್ದರೆ ಅಡುಗೆಮನೆಯ ಯಜಮಾನಿಕೆ ಆ ಆರರಲ್ಲೇ ಒಬ್ಬಳಾದ ಯೂಸ್ತಿನಾಗೆ ಎಂದು ಪಾದ್ರಿಗಳು ಹೇಳಿಬಿಟ್ಟಿದ್ದರು. ಪರಾಸ್ಕಾಳ ಇಪ್ಪತ್ತು ವರ್ಷದ ಸಿಂಹಾಸನ!

"ಗುರುವಾರ ಎಲ್ಲರೂ ಅವರವರ ಮನೇಲೇ! ಹಿಟ್ಟು ಒಬ್ಬರು, ಆಲೂಗಡ್ಡೆ ಒಬ್ಬರು, ಚೀಸ್ ಒಬ್ಬರು, ಮಡಚೋಕೆ ಮೂವರು. ಕ್ಲಸ್ಟರ್!" ಎಂದು ರಾಜಾಜ್ಞೆ ಹೊರಟಿತು.

ಆಲೂಗಡ್ಡೆ ಎಷ್ಟೆಂದು ತಿಳಿಯದೆ ಹಿಟ್ಟು ಕಲಸುವುದು ಹೇಗೆಂದು ಪರಾಸ್ಕಾ ಕಾದಳು. ಚೀಸ್ ಎಷ್ಟೆಂದು ತಿಳಿಯದೆ ಆಲೂಗಡ್ಡೆ ಬೇಯಿಸುವುದು ಹೇಗೆಂದು ಯೂಸ್ತಿನಾ ಕಾದಳು. ಹಿಟ್ಟು ಎಷ್ಟೆಂದು ತಿಳಿಯದೆ ಚೀಸ್ ತುರಿಯುವುದು ಹೇಗೆಂದು ತೆಕ್ಲಾ ಕಾದಳು. ಮಡಚುವ ಮೂವರು ಕೈ ತೊಳೆದುಕೊಂಡು ಕಾದರು. ಎಲ್ಲರೂ ಎಲ್ಲರಿಗೂ ಫೋನ್ ಮಾಡುತ್ತಿದ್ದುದರಿಂದ ಯಾರ ಫೋನೂ ಯಾರಿಗೂ ಸಿಗಲಿಲ್ಲ.

ಸಂಜೆ ಯೂಸ್ತಿನಾ ಬಾಗಿಲಲ್ಲಿ ಪ್ರತ್ಯಕ್ಷಳಾದಳು. "ಏನಮ್ಮಾ ಮಹಾರಾಣಿ, ಎಷ್ಟಾಯ್ತು?"

"ನೀನೆಷ್ಟು ಮಾಡ್ದೆ ಹೇಳು!"

"ನಾನಾ? ನಿನ್ನಪ್ಪಣೆಯಂತೆ ಕಾದೆ!"

ಗದ್ದಲ ಕೇಳಿ ಮಹಡಿಯಿಂದ ಇಳಿದು ಬಂದ ಮೊನಿಕ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಯೋಚನೆಗೆ ಬಿದ್ದಳು. "ಅಜ್ಜಿ, ಮೂರು ಮನೆ ಸಾಕು, ಮನೆಗಿಬ್ಬರು. ಎಲ್ಲಾ ಸಾಮಾನೂ ಎಲ್ಲಾ ಮನೇಲಿರಲಿ. ಫೋನು ಸಂಜೆ ಒಂದೇ ಸಲ. ಮುಂದೆ ಕಂಪ್ಯೂಟರ್‌ಗಳ ಸಂಸಾರವೂ ಹೀಗೇ ನಡೆಯೋದು, ನೋಡ್ತಿರಿ."

ಶನಿವಾರಕ್ಕೆ ನೂರೆಂಟು ಡಜನ್! ಸಿಂಹಾಸನ ಉಳಿಯಿತು. (ಪರಾಸ್ಕಾಳ ಜೊತೆ ಕೂರಲು ಯೂಸ್ತಿನಾ ಬಿಟ್ಟು ಬೇರಾರೂ ಒಪ್ಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸೇರಿ ತೆಕ್ಲಾಳನ್ನು ಬೈಯುತ್ತಾ ಗೆಳತಿಯರಾಗಿದ್ದರು.)

ವಸಂತದಲ್ಲಿ ಮೊನಿಕ್‌ಳ ಪ್ರಬಂಧದ ಮೌಖಿಕ ಪರೀಕ್ಷೆ. "ಪರೀಕ್ಷಕರ ಮುಂದೆ ನೀವೂ ಬರ್ಬೇಕಜ್ಜಿ" ಎಂದಳು. ಪರಾಸ್ಕಾ ಕಸೂತಿಯ ಕುಪ್ಪಸ ತೊಟ್ಟು, ತೀರಿಕೊಂಡ ಗಂಡ ಕೊಟ್ಟಿದ್ದ ಮಣಿಸರ ಹಾಕಿ, ನೂರೆಂಟು ಡಜನ್ನಿನ ವಿಜಯಗಾಥೆಯನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದಳು.

ಬಾಗಿಲ ಬಳಿ ಮೊನಿಕ್ ಅವಳ ಕೈ ಹಿಡಿದಳು.

"ನೂರೆಂಟರ ಕತೆ ನಾನು ಹೇಳ್ತೀನಿ. ನೀವು ಆ ಗುರುವಾರದ್ದು ಮಾತ್ರ ಹೇಳ್ತೀರಾ ಅಜ್ಜಿ? ಆರು ಜನ ಸೇರಿ ದಿನವಿಡೀ ಸೊನ್ನೆ ಮಾಡಿದ್ದು. ಅಷ್ಟು ಚೆನ್ನಾಗಿ ಕೆಡೋಕೆ ನನ್ನ ಯಾವ ಕಂಪ್ಯೂಟರಿಗೂ ಬರಲ್ಲ."