ಬಸ್ಸು ನಿಲ್ಲಿಸುವುದಕ್ಕೊಬ್ಬ ಗಂಡಸು

ನನಗೆ ಅರ್ಥವಾಗದ ವಿಷಯಗಳು ಬಹಳ ಇವೆ. ಅದರಲ್ಲಿ ನಾಚಿಕೆಯೇನೂ ಇಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಎಲ್ಲವೂ ಅರ್ಥವಾಗಿಬಿಟ್ಟರೆ ಓದಿದವರು ಏನು ಮಾಡಬೇಕು. ಆದರೆ ಬಜೆಟ್ಟು ಅನ್ನುವುದು ಓದಿದವರಿಗೂ ಅರ್ಥವಾದಂತೆ ಕಾಣುವುದಿಲ್ಲ. ಟೀವಿಯಲ್ಲಿ ಕೋಟು ಹಾಕಿಕೊಂಡ ಐದಾರು ಜನ ಕೂತು, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರುಮಾಡಿ, ಕೊನೆಗೆ ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಮಾಡಿದರೆ ಜಗಳ ಅನ್ನುತ್ತೇವೆ, ಅಲ್ಲಿ ಅದಕ್ಕೆ ಚರ್ಚೆ ಅನ್ನುತ್ತಾರೆ. ಈ ಪಾರ್ಲಿಮೆಂಟು ಎಲೆಕ್ಷನ್ನಿನ ಸಮಯದಲ್ಲಿ ದಿನವೂ ಆ ಚರ್ಚೆ ಕೇಳಿ ಕೇಳಿ ನನಗೆ ತಿಳಿದದ್ದು ಇಷ್ಟು: ಸರ್ಕಾರದ ಖಜಾನೆ ಖಾಲಿಯಾಗುತ್ತಿದೆ, ಅದಕ್ಕೆ ಕಾರಣ ಪುಕ್ಕಟೆ ಬಸ್ಸು ಹತ್ತುವ ಹೆಂಗಸರು. ಅಂದರೆ ನನ್ನ ಸೊಸೆ ಸವಿತ.

ಸವಿತ ನಾಗಮಂಗಲದಲ್ಲಿ ಒಂದು ಗಾರ್ಮೆಂಟ್ಸಿನಲ್ಲಿ ಅಂಗಿಗಳಿಗೆ ಕಾಲರು ಹೊಲಿಯುತ್ತಾಳೆ. ನಮ್ಮೂರಿಗೆ ಬಿಂಡಿಗನವಿಲೆಯಿಂದ ಒಳಗೆ ಹೋಗಬೇಕು. ಬೆಳಿಗ್ಗೆ ಬರುವುದು ಒಂದೇ ಸರ್ಕಾರಿ ಬಸ್ಸು. ನನ್ನ ಮಗ ಹಾಲಿನ ಟೆಂಪೋ ಓಡಿಸುವವನು, ಬೆಳಕು ಹರಿಯುವ ಮೊದಲೇ ಹೋಗಿರುತ್ತಾನೆ. ಟಿಕೇಟಿಗೆ ದುಡ್ಡು ಕೊಡಬೇಕಾಗಿದ್ದ ಕಾಲದಲ್ಲಿ ಸಂಬಳವನ್ನು ಬಸ್ಸೇ ತಿಂದುಹಾಕುತ್ತದೆ ಅಂತ ಅವಳು ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದಳು. ಒಂದೇ ಒಲೆಯ ಮುಂದೆ ಅತ್ತೆ ಸೊಸೆ ದಿನವಿಡೀ ಇದ್ದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು ಉಚಿತವಾದ ಮೇಲೆ ಅವಳು ಕೆಲಸಕ್ಕೆ ಸೇರಿದಳು, ನಮ್ಮ ಜಗಳ ಭಾನುವಾರಕ್ಕೆ ಇಳಿಯಿತು. ಸರ್ಕಾರದವರು ಇದನ್ನು ತಮ್ಮ ಸಾಧನೆಯಲ್ಲಿ ಸೇರಿಸಿಲ್ಲ. ಸೇರಿಸಬಹುದಾಗಿತ್ತು.

ತೊಂದರೆ ಶುರುವಾದದ್ದು ಬಸ್ಸಿನ ಡ್ರೈವರು ಬದಲಾದ ಮೇಲೆ. ಹೊಸ ಡ್ರೈವರು ನಮ್ಮೂರ ಹುಣಸೇಮರದ ಕೆಳಗೆ ಬರೀ ಹೆಂಗಸರು ನಿಂತಿದ್ದರೆ ಬಸ್ಸು ನಿಲ್ಲಿಸುತ್ತಿರಲಿಲ್ಲ. ಕೈ ಅಡ್ಡ ಹಾಕಿದರೆ, ಹಿಂದೆ ಇನ್ನೊಂದು ಬರುತ್ತದೆ ಅನ್ನುವಂತೆ ಹೆಬ್ಬೆರಳು ತೋರಿಸಿ ಹೋಗಿಬಿಡುತ್ತಿದ್ದ. ಹಿಂದೆ ಬರುತ್ತಿದ್ದದ್ದು ಧೂಳು. ಆದರೆ ಒಬ್ಬ ಗಂಡಸು ನಿಂತಿದ್ದರೆ ಸಾಕು, ಬ್ರೇಕು ತಾನಾಗಿ ಬೀಳುತ್ತಿತ್ತು. ಸವಿತ ಗಾರ್ಮೆಂಟ್ಸಿಗೆ ತಡವಾಗಿ ಹೋಗಿ ಹೋಗಿ, ಕೊನೆಗೆ ಅಲ್ಲಿಯ ಸೂಪರ್‌ವೈಸರು "ಇನ್ನೊಂದು ದಿನ ಲೇಟಾದ್ರೆ ಬರಲೇಬೇಡ" ಅಂದುಬಿಟ್ಟ. ಅವಳು ಬಂದು ಚೀಲ ಎಸೆದು ಒಲೆಯ ಮುಂದೆ ಕೂತಳು. ನನಗೆ ಭಯವಾಯಿತು. ಅವಳ ಸಂಬಳದ ಚಿಂತೆ ಒಂದು ಕಡೆಗಿರಲಿ, ಅವಳು ಮತ್ತೆ ಆ ಜಾಗದಲ್ಲಿ ಕಾಯಮ್ಮಾಗಿ ಕೂತುಬಿಟ್ಟರೆ ನನ್ನ ಗತಿ ಏನು.

ಆ ದಿನವೇ ವೋಟು ಕೇಳುವವರ ಗುಂಪೊಂದು ಬಂತು. ಬಸ್ಸು ನಿಲ್ಲುವುದಿಲ್ಲ ಅಂದೆ. ಮುಂದೆ ನಿಂತಿದ್ದವನು, "ಅಜ್ಜಿ, ಇದು ಡೆಲ್ಲಿ ಎಲೆಕ್ಷನ್ನು. ಬಸ್ಸು ಬೆಂಗಳೂರಿನೋರ್ದು" ಅಂದ.

"ರಸ್ತೆ ಯಾರ್ದಪ್ಪ?"

"ರಸ್ತೆ ಕಾಸು ಡೆಲ್ಲಿದು."

"ನಾವು ನಿಂತ್ಕೊಳೋ ಜಾಗ?"

"ಅದು ಪಂಚಾಯ್ತಿದು."

"ಅಂಗಾದ್ರೆ ನಿಲ್ಸೋದು ಯಾರ್ದಪ್ಪ?" ಅಂತ ಕೇಳಿದೆ. ಅವನು ಕೈ ಮುಗಿದು ಪಕ್ಕದ ಮನೆಗೆ ಹೋದ. ಸಾಯಂಕಾಲ ಎದುರು ಪಕ್ಷದವರು ಬಂದರು, ಅವರೂ ಇದನ್ನೇ ಬೇರೆ ಧಾಟಿಯಲ್ಲಿ ಹೇಳಿದರು. ಅಕ್ಕಿ ಮಾತ್ರ ತಾವೇ ಕೊಟ್ಟದ್ದು ಅಂತ ಇಬ್ಬರೂ ಹೇಳಿದರು. ಒಂದೇ ಅಕ್ಕಿಯನ್ನು ಇಬ್ಬರು ಹೇಗೆ ಕೊಟ್ಟರೋ, ನಾವು ತಿಂದದ್ದು ಒಂದೇ ಸಲ.

ಈಗ ನನ್ನ ಮೈದುನ ಮರೀಗೌಡನ ವಿಷಯ ಹೇಳಬೇಕು. ಪಕ್ಕದ ಮನೆ ಅವನದು. ಜಗಲಿಯ ಮೇಲೆ ಕೂತು ದೇಶದ ಚಿಂತೆ ಮಾಡುವುದು ಅವನ ಕಸುಬು. "ಬಿಟ್ಟಿ ಕೊಟ್ಟೂ ಕೊಟ್ಟೂ ಹೆಂಗಸ್ರೆಲ್ಲ ಸೋಮಾರಿಗಳಾಗೋದ್ರು ಅತ್ತಿಗೆ. ದೇಶ ಉಳಿಯಾಕಿಲ್ಲ" ಅನ್ನುತ್ತಾನೆ. ಹೀಗೆ ಅನ್ನುವಾಗ ಹಿಂದೆ ಅವನ ತೋಟದಲ್ಲಿ ಪಂಪ್‌ಸೆಟ್ಟು ಓಡುತ್ತಿರುತ್ತದೆ. ಅದರ ಕರೆಂಟಿಗೆ ಅವನು ಕಾಸು ಕೊಟ್ಟದ್ದನ್ನು ನಾನು ಕಂಡಿಲ್ಲ. ಕೇಳಿದರೆ, "ಅದು ರೈತನ ಹಕ್ಕು ಕಣತ್ತಿಗೆ" ಅನ್ನುತ್ತಾನೆ. ಇರಬಹುದು. ಗಂಡಸಿನ ಕೈಗೆ ಬಂದರೆ ಹಕ್ಕು, ಹೆಂಗಸಿನ ಕೈಗೆ ಬಂದರೆ ಬಿಟ್ಟಿ ಅಂತ ಬಜೆಟ್ಟಿನಲ್ಲೇ ಬರೆದಿರುತ್ತಾರೋ, ಓದುವವರು ಹಾಗೆ ಓದಿಕೊಳ್ಳುತ್ತಾರೋ, ನನಗೆ ಇದುವರೆಗೆ ತಿಳಿದಿಲ್ಲ.

ಆದರೂ ನಾನು ಅವನ ಹತ್ತಿರವೇ ಹೋದೆ. "ಮರಿ, ಬೆಳಿಗ್ಗೆ ಬಸ್ಸು ಬರೋ ಹೊತ್ಗೆ ಹುಣಸೇಮರದ ಕೆಳಗೆ ಒಂಚೂರು ನಿಂತ್ಕೊಳಪ್ಪ. ನೀನು ಹತ್ತಬೇಡ, ಬಸ್ಸು ನಿಂತ್ರೆ ಸಾಕು" ಅಂದೆ. ಅವನು, "ಬಿಟ್ಟಿ ನಿಂತ್ಕೊಳಕಾದದಾ?" ಅಂದ. ನಮ್ಮ ಕಡೆ ಮುಯ್ಯಾಳು ಅಂತ ಒಂದು ಕ್ರಮ ಇದೆ. ಇವತ್ತು ನಾನು ನಿನ್ನ ಹೊಲದಲ್ಲಿ ಕಳೆ ಕಿತ್ತರೆ, ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಕಾಸಿನ ಮಾತಿಲ್ಲ, ಆಳಿಗೆ ಆಳು. ಹಾಗೆಯೇ ಇದೂ ಇತ್ಯರ್ಥವಾಯಿತು. ಮರೀಗೌಡ ಬಸ್ಸಿಗೆ ನಿಲ್ಲುವುದು, ಅದರ ಮುಯ್ಯಿಗೆ ನಾವು ಹೆಂಗಸರು ಸಾಯಂಕಾಲ ಅವನ ಅಂಗಳದಲ್ಲಿ ಮರದ ಕೊಡತಿ ಹಿಡಿದು ಹುಣಸೇಹಣ್ಣು ಕುಟ್ಟಿ ಬೀಜ ಬಿಡಿಸಿಕೊಡುವುದು. ಅವನು ನಿಲ್ಲುತ್ತಿದ್ದದ್ದು ಒಂದು ಬೀಡಿ ಸೇದುವಷ್ಟು ಹೊತ್ತು. ನಾವು ಕುಟ್ಟುತ್ತಿದ್ದದ್ದು ದೀಪ ಹಚ್ಚುವವರೆಗೆ. ಕುಟ್ಟುತ್ತಿರುವಾಗಲೂ ಅವನು ಜಗಲಿಯಿಂದ, ಬಿಟ್ಟಿ ತಿಂದು ಹೆಂಗಸರು ಸೋಮಾರಿಗಳಾದರು ಅಂತ ಹೇಳುವುದನ್ನು ಬಿಡಲಿಲ್ಲ. ಸವಿತ ತಲೆ ಎತ್ತದೆ, "ಚಿಕ್ಕಮಾವ, ಕೊಡ್ತಿಗೆ ಬದಲು ನಿಮ್ಮ ಬಾಯಿ ಕೊಡಿ, ಬ್ಯಾಗ ಕುಟ್ಟಾಯ್ತದೆ" ಅಂದಳು. ಆ ಮಾತಿಗೆ ಹೆಂಗಸರೆಲ್ಲ ನಕ್ಕರು. ಅವನೂ ನಕ್ಕ. ಯಾಕೆ ನಕ್ಕನೋ ಗೊತ್ತಿಲ್ಲ.

ಏನೇ ಆಗಲಿ, ಏರ್ಪಾಡು ಚೆನ್ನಾಗಿ ನಡೆಯಿತು. ಬಸ್ಸು ನಿಂತ ಕೂಡಲೇ ಹೆಂಗಸರು ಹತ್ತುವರು. ಮರೀಗೌಡ ಜೇಬು ತಡವಿಕೊಂಡು, "ಥೂ, ಕನ್ನಡಕ ಮರ್ತ್‌ಬುಟ್ಟೆ" ಅಂತ ಹಿಂದೆ ಸರಿಯುವನು. ಮಾರನೆಯ ದಿನ ಬೀಗದಕೈ, ಅದರ ಮಾರನೆಯ ದಿನ ಮಾತ್ರೆ. ಕಂಡಕ್ಟರು ಅವನನ್ನು ಕೆಕ್ಕರಿಸಿ ನೋಡುತ್ತ ಸೀಟಿ ಊದುತ್ತಿದ್ದ.

ಹೀಗಿರುವಾಗ ಪಾಂಡವಪುರದಲ್ಲಿ ಎಲೆಕ್ಷನ್ನಿನ ದೊಡ್ಡ ಸಭೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಊರಿನಲ್ಲಿ ಒಬ್ಬ ಗಂಡಸಿಲ್ಲ. ಮಬ್ಬಿನಲ್ಲೇ ಟೆಂಪೋ ತಂದು ಎಲ್ಲರನ್ನೂ ತುಂಬಿಕೊಂಡು ಹೋಗಿದ್ದರು. ಟೆಂಪೋ ಪುಕ್ಕಟೆ, ಟೋಪಿ ಪುಕ್ಕಟೆ, ಬಿರಿಯಾನಿ ಪುಕ್ಕಟೆ. ಬಿಟ್ಟಿಯನ್ನು ವಿರೋಧಿಸುವ ಸಭೆ ಅಂತೆ. ಮರೀಗೌಡ ಮುಂದಿನ ಸೀಟಿನಲ್ಲೇ ಕೂತು ಹೋದನಂತೆ.

ಸವಿತ ಹುಣಸೇಮರದಿಂದ ಓಡಿಬಂದಳು. "ಅತ್ತೆ, ಒಬ್ರೂ ಇಲ್ಲ. ಇವತ್ತು ಬಸ್ಸು ನಿಲ್ಲದಿದ್ರೆ ನನ್ ಕೆಲ್ಸ ಓದಂಗೆಯ" ಅಂದಳು. ನಾನು ಅವಳ ಮುಖ ನೋಡಿದೆ, ಒಲೆ ನೋಡಿದೆ, ಆಮೇಲೆ ಮರೀಗೌಡನ ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ ಅವನ ಪಂಚೆ, ಅಂಗಿ, ಟವೆಲ್ಲು ನೋಡಿದೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಮೇಲೆ ಪಂಚೆ ಸುತ್ತಿದೆ. ಅಂಗಿ ತೊಟ್ಟು, ಟವೆಲ್ಲನ್ನು ತಲೆಗೆ ಸುತ್ತಿ, ನೆಗಡಿಯಾದವರ ಹಾಗೆ ಅದರ ತುದಿಯಿಂದ ಬಾಯಿ ಮುಚ್ಚಿಕೊಂಡೆ. ನನ್ನ ಮೈಕಟ್ಟು ಯಾವಾಗಲೂ ಸ್ವಲ್ಪ ಗಂಡಸಿನ ಹಾಗೇ ಅಂತ ನನ್ನ ಗಂಡ ಬದುಕಿದ್ದಾಗ ಹೇಳುತ್ತಿದ್ದರು. ಅವರ ಮಾತು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಬಸ್ಸು ಬಂತು, ಬ್ರೇಕು ಬಿತ್ತು. ಹೆಂಗಸರು ಹತ್ತಿದರು. ನಾನು ಜೇಬು ತಡವಿಕೊಂಡು ಹಿಂದೆ ಸರಿಯುವಷ್ಟರಲ್ಲಿ ಕಂಡಕ್ಟರು ಕೆಳಗೆ ಇಳಿದುಬಂದ.

"ಏನ್ ಗೌಡ್ರೆ, ಇವತ್ತು ಏನ್ ಮರ್ತ್ರಿ? ದಿನಾ ನಿಲ್ಲುಸ್ತೀರಿ, ಒಂದಿನಾನೂ ಹತ್ತಲ್ಲ. ಇವತ್ತು ನಿಮ್ಮನ್ನ ಬುಡಾಕಿಲ್ಲ" ಅಂತ ರಟ್ಟೆ ಹಿಡಿದು ಹತ್ತಿಸಿಯೇಬಿಟ್ಟ. ಬಾಯಿ ತೆರೆದರೆ ನನ್ನ ದನಿ ಗೊತ್ತಾಗುತ್ತದೆ. ಗೊತ್ತಾದರೆ ನಾಳೆಯಿಂದ ಮರೀಗೌಡನೇ ನಿಂತರೂ ಬಸ್ಸು ನಿಲ್ಲುವುದಿಲ್ಲ, ಸವಿತಳ ಕೆಲಸ ಅಲ್ಲಿಗೆ ಮುಗಿಯಿತು. ಕೆಮ್ಮಿದೆ. ಕಂಡಕ್ಟರು ನಾಗಮಂಗಲಕ್ಕೆ ಟಿಕೇಟು ಹರಿದು ಕೈ ಚಾಚಿದ. ಎಲೆಅಡಿಕೆ ಚೀಲದಿಂದ ಕಾಸು ತೆಗೆದು ಕೊಟ್ಟೆ. ಅವನು ಬಸ್ಸಿಗೆಲ್ಲ ಕೇಳಿಸುವ ಹಾಗೆ, "ನೋಡ್ರಮ್ಮ, ಇಂತ ಗಂಡಸ್ರು ಕೊಡೋ ಕಾಸಲ್ಲಿ ನೀವೆಲ್ಲ ಓಡಾಡ್ತಿರೋದು" ಅಂದ. ಸವಿತ ಸೆರಗು ಬಾಯಿಗೆ ತುರುಕಿಕೊಂಡು ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಮಾತ್ರ ಅಲುಗುತ್ತಿತ್ತು. ಅವಳು ಆ ದಿನ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟಿದಳು.

ನಾಗಮಂಗಲದಲ್ಲಿ ಮರೆಗೆ ಹೋಗಿ ಪಂಚೆ ಬಿಚ್ಚಿ ಹೆಂಗಸಾದೆ. ವಾಪಸು ಬರುವ ಬಸ್ಸಿನಲ್ಲಿ ಬೇರೆ ಕಂಡಕ್ಟರು, "ಆಧಾರ್ ತೋರ್ಸಿ ಅಜ್ಜಿ" ಅಂದ. ಆಧಾರ್ ಮನೆಯ ಗೂಟದ ಚೀಲದಲ್ಲಿತ್ತು. ಅಲ್ಲಿಗೆ, ಹೋಗುವಾಗ ಗಂಡಸಾಗಿ ಕೊಟ್ಟೆ, ಬರುವಾಗ ಹೆಂಗಸಾಗಿಯೂ ಕೊಟ್ಟೆ. ದಾರಿಯುದ್ದಕ್ಕೂ ಯೋಚಿಸಿದೆ. ಸೋಪಿಗೆ, ಟೀ ಸೊಪ್ಪಿಗೆ, ಸವಿತ ಸಂಬಳದಲ್ಲಿ ತಂದ ಮಿಕ್ಸಿಗೆ, ಎಲ್ಲಕ್ಕೂ ಅಂಗಡಿಯಲ್ಲೇ ತೆರಿಗೆ ಹಿಡಿದುಕೊಳ್ಳುತ್ತಾರೆ. ಅದು ಗಂಡಸರ ಕಾಸೋ ಹೆಂಗಸರ ಕಾಸೋ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನಾವು ಮೊದಲೇ ಕೊಟ್ಟದ್ದು ಬಸ್ಸಾಗಿ, ಅಕ್ಕಿಯಾಗಿ ವಾಪಸು ಬಂದರೆ ಅದು ಮುಯ್ಯಿ ತೀರಿಸಿದ ಹಾಗೇ ತಾನೆ. ಮುಯ್ಯಿ ತೀರಿಸಿದವರೇ ಮನೆಗೆ ಬಂದು, ಕೊಟ್ಟಿದ್ದೇವೆ, ವೋಟು ಹಾಕಿ ಅಂದರೆ ಲೆಕ್ಕ ಎಲ್ಲೋ ತಪ್ಪಿದೆ. ಎಲ್ಲಿ ಅಂತ ಹಿಡಿಯುವಷ್ಟರಲ್ಲಿ ನಮ್ಮೂರು ಬಂತು.

ಸಾಯಂಕಾಲ ಮರೀಗೌಡ ಟೋಪಿ ಹಾಕಿಕೊಂಡು ಬಂದ. ಹಗ್ಗ ನೋಡಿ, ನನ್ನನ್ನು ನೋಡಿ, ಹೆಂಗಸರ ಬಾಯಿಂದ ವಿಷಯ ತಿಳಿದುಕೊಂಡ. ಕೋಪ ಮಾಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ.

"ಅಂಗಾದ್ರೆ ನನ್ ಪಂಚೆ ನಿಂತದಲ್ಲ ಅತ್ತಿಗೆ?" ಅಂದ.

"ನಿಂತದೆ."

"ಬಸ್ಸೂ ನಿಂತದೆ?"

"ನಿಂತದೆ ಕಣಪ್ಪ."

"ಇನ್ನೇನು, ಹುಣಸೇಹಣ್ಣು ಕುಟ್ಟಕ್ಕೆ ಬನ್ನಿ" ಅಂತ ಹೇಳಿ, ಸಭೆಯಲ್ಲಿ ಕೊಟ್ಟ ಬಿರಿಯಾನಿಯ ಇನ್ನೊಂದು ಪೊಟ್ಟಣವನ್ನು ನನ್ನ ಕೈಗಿಟ್ಟ. ಬಿಟ್ಟಿಯದು ಬೇಡ ಅಂತ ಹೇಳಬೇಕು ಅಂದುಕೊಂಡೆ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಹಾಗಾಗಿ ಬಿಚ್ಚಿ ತಿಂದೆ. ಮಸಾಲೆ ಚೆನ್ನಾಗಿತ್ತು. ತಿಂದು, ಕೈ ತೊಳೆದು, ಅವನ ಅಂಗಳಕ್ಕೆ ಹೋಗಿ, ಬಸ್ಸಿಗೆ ನಿಂತವಳೂ ಟಿಕೇಟಿಗೆ ಕೊಟ್ಟವಳೂ ನಾನೇ ಆಗಿ, ಮರೀಗೌಡನ ಪಂಚೆ ಮಾಡಿದ ಉಪಕಾರಕ್ಕೆ ದೀಪ ಹಚ್ಚುವವರೆಗೆ ಹುಣಸೇಹಣ್ಣು ಕುಟ್ಟಿದೆ.