ನಾನು ಸಹಿ ಮಾಡದ ಸಮೀಕ್ಷೆ

ನಮ್ಮ ಕಡೆ ಹಳ್ಳಿಗೆ ಯಾರಾದರೂ ಕೈಯಲ್ಲಿ ಫಾರಂ ಹಿಡಿದು ಬಂದರೆಂದರೆ ಏನಾದರೊಂದು ನಡೆದೇ ನಡೆಯುತ್ತದೆ. ಬಂದವರು ಖರೇ ಪ್ರಶ್ನೆ ಕೇಳುತ್ತಾರೆ, ನಮ್ಮವರು ಖರೇ ಉತ್ತರ ಕೊಡುತ್ತಾರೆ, ಎರಡೂ ಸೇರಿ ಸುಳ್ಳಾಗುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನ ಹಳ್ಳಿಗಳಲ್ಲಿ ನಮ್ಮ ಸಂಸ್ಥೆ ಸಂಜೆ ಹೊತ್ತು ಮಕ್ಕಳ ಕೇಂದ್ರ ನಡೆಸುತ್ತದೆ. ಓದಿಸುತ್ತೇವೆ, ಬರೆಸುತ್ತೇವೆ, ಕೈಗೊಂದು ಶೇಂಗಾ ಉಂಡಿ ಕೊಟ್ಟು ಮನೆಗೆ ಕಳಿಸುತ್ತೇವೆ. ನಾನು ಅದರ ಮೇಲ್ವಿಚಾರಕಿ. ಹಳೇ ಸ್ಕೂಟಿ, ಬಿಸಿಲಿಗೆ ಕಪ್ಪಾದ ಮುಖ, ಜೋರು ಬಾಯಿ, ಇಷ್ಟು ನನ್ನ ಆಸ್ತಿ. ಒಂದು ದಿನ ನೆರವು ಕೊಡುವವರಿಂದ ಪತ್ರ ಬಂತು: ಕೇಂದ್ರಗಳಿಂದ ಮಕ್ಕಳಿಗೆ ಉಪಯೋಗವಾಗಿದೆಯೋ ಇಲ್ಲವೋ ಎಂದು ಹೊರಗಿನ ಸಲಹೆಗಾರರಿಂದ ಮನೆ ಮನೆ ಸಮೀಕ್ಷೆ ಮಾಡಿಸಿ, ಇಲ್ಲವೆಂದಾದರೆ ಮುಚ್ಚಿ. ಓದಿ ನನಗೆ ಮೈ ಉರಿಯಿತು. ಮನೆ ಮನೆ ತಿರುಗಿ ಸ್ಕೂಟಿಯ ಟೈರು ಸವೆಸಿದವಳು ನಾನು. ಉಪಯೋಗವಾಗಿದೆಯೋ ಇಲ್ಲವೋ ಎಂದು ನನ್ನನ್ನು ಒಂದು ಮಾತು ಕೇಳಬಾರದೇ?

೧. ಯಾವ ತಾಲ್ಲೂಕು?

ಸಲಹೆಗಾರರನ್ನು ಆರಿಸಲು ಕಲಬುರಗಿಯಲ್ಲಿ ಸಂದರ್ಶನ ಇಟ್ಟರು. ನಮ್ಮ ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ಭಾಳ ಕಟ್ಟುನಿಟ್ಟು. ಫೀಲ್ಡಿನವಳೂ ಒಬ್ಬಳಿರಲಿ ಎಂದು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

ಮೊದಲು ಬಂದವನು ಗೋಡೆಯ ಮೇಲೆ ನಕಾಶೆ ಬಿಟ್ಟು, "ಬೆಳಿಗ್ಗೆ ಆಳಂದ, ಮಧ್ಯಾಹ್ನ ಅಫಜಲಪುರ, ಸಂಜೆ ಜೇವರ್ಗಿ" ಎಂದು ಬೆರಳಾಡಿಸಿದ. ಅವನ ಬೆರಳಿಗೆ ಅದು ಒಂದು ಗೇಣೂ ಇರಲಿಲ್ಲ. "ಹಂಗಾರ ಇಡೀ ದಿನ ಬಸ್ಸಿನ್ಯಾಗೇ ಹೋಗ್ತದಲ್ರಿ. ಸಮೀಕ್ಷೆ ಕಂಡಕ್ಟರಗ ಮಾಡ್ತೀರೇನು?" ಎಂದೆ. ಅವನು ನಕಾಶೆ ಮಡಚಿಕೊಂಡು ಹೋದ.

ಎರಡನೆಯವರು ಬೆಂಗಳೂರಿನವರು. ಮೆಲು ಮಾತು, ಒಳ್ಳೆಯ ಮನುಷ್ಯ. "ನಮ್ಮ ಮಂದಿ ಮಾತು ನಿಮಗ ತಿಳೀತದೇನ್ರಿ?" ಎಂದು ಕೇಳಿದೆ. "ನಾನೂ ಕನ್ನಡದವನೇ ಅಲ್ವಾ ಮೇಡಂ" ಎಂದು ನಕ್ಕರು. ಅಧ್ಯಕ್ಷೆಗೆ ಹಿಡಿಸಿತು, ನೇಮಕವಾಯಿತು. ಹೊರಡುವಾಗ ನಾನು, ಬೆಳಕು ಹರಿಯುವ ಮೊದಲೇ ಸಿಗಬೇಕೆಂದು, "ಮತ್ತ ನಾಳಿ ನಸುಕಿನ್ಯಾಗ ಭೇಟಿ ಆಗೂಣ್ರಿ" ಎಂದೆ.

ಅವರು ಡೈರಿ ತೆಗೆದು, ಪೆನ್ನು ಹಿಡಿದು ಕೇಳಿದರು: "ನಸುಕು ಯಾವ ತಾಲ್ಲೂಕಿಗೆ ಬರುತ್ತೆ ಮೇಡಂ?"

೨. ಎಲ್ಲಾ ಹೊರಗ

ಸಲಹೆಗಾರರು ಈಗ ಎಲ್ಲರಿಗೂ ಸಾಹೇಬರು. ಅವರು ತಂದ ಟ್ಯಾಬಿಗೆ ನೆಟ್‌ವರ್ಕ್ ಸಿಗದೆ ಮೂರನೇ ದಿನಕ್ಕೆ ಕಾಗದದ ಫಾರಂ ಬಂತು. ಹದಿನಾರು ಪುಟ, ಓದುವಾಗ ನನ್ನ ನಾಲಗೆಯೇ ತೊಡರುವಂಥ ಗ್ರಂಥದ ಕನ್ನಡ.

ಆಳಂದ ತಾಲ್ಲೂಕಿನ ಒಂದು ಹಳ್ಳಿ. ಮೊಮ್ಮಕ್ಕಳನ್ನು ಸಾಕುವ ಒಬ್ಬ ಅಜ್ಜಿ, ಊರಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. "ಆವ್ ಬೇಟಾ, ಬೈಠೋ" ಎಂದು ಕರೆದು ಸಾಹೇಬರಿಗೆ ಕೂರಲು ಹೊರಸು ಹಾಕಿದಳು. ಸಾಹೇಬರು ಫಾರಂ ನೋಡಿ ಕೇಳಿದರು: "ನಿಮ್ಮ ಕುಟುಂಬದ ಎಷ್ಟು ಮಕ್ಕಳು ಶಾಲೆಯಿಂದ ಹೊರಗಿದ್ದಾರೆ?"

"ಮೂರೂ ಹೊರಗ ಅದಾವ ಬೇಟಾ."

"ಮೂರೂ? ಎಷ್ಟು ದಿನದಿಂದ?"

"ಎಂಟ್ ದಿನ ಆತು. ನಮ್ಮವ ಅಷ್ಟ ಏನ್, ಊರಾನ ಮಕ್ಕಳೆಲ್ಲಾ ಹೊರಗ ಅದಾವ."

ಸಾಹೇಬರು ಗಾಬರಿಯಾಗಿ ಬರೆಯತೊಡಗಿದರು. ಶಾಲೆಗೆ ಬಣ್ಣ ಬಳಿಯುತ್ತಿದ್ದಾರೆ, ಅದಕ್ಕೆ ಮಕ್ಕಳನ್ನು ಹೊರಗೆ ಬೇವಿನ ಗಿಡದ ಕೆಳಗೆ ಕೂರಿಸಿ ಪಾಠ ನಡೆದಿದೆ ಎಂದು ನಾನು ಹೇಳಹೋದೆ. ಉತ್ತರ ಕೊಡುವಾಗ ಬೇರೆಯವರು ಬಾಯಿ ಹಾಕಬಾರದು ಎಂದು ಫಾರಂನ ಮೊದಲ ಪುಟದಲ್ಲೇ ಇದೆಯೆಂದು ಬೆರಳಿಟ್ಟು ತೋರಿಸಿದರು. ಶಾಲೆ ಬಿಟ್ಟ ಮಕ್ಕಳು ಮೂರು ಎಂದು ಬರೆದುಕೊಂಡರು.

ಖಾಲಾ ಅವರ ಮುಖ ನೋಡಿ ಸಮಾಧಾನ ಮಾಡಿದಳು: "ಫಿಕರ್ ಮಾಡಬ್ಯಾಡ ಬೇಟಾ. ಮಾಸ್ತರನೂ ಹೊರಗೇ ಅದಾನ."

ಶಾಲೆ ಬಿಟ್ಟ ಮಾಸ್ತರನಿಗೆ ಫಾರಂನಲ್ಲಿ ಕಾಲಂ ಇರಲಿಲ್ಲ.

೩. ಒಂದೇ ಒಲೆ

ಕುಟುಂಬ ಎಂದರೇನು? ಒಂದೇ ಒಲೆಯ ಮೇಲೆ ಬೇಯಿಸಿ ಉಣ್ಣುವವರು ಒಂದು ಕುಟುಂಬ. ಫಾರಂ ಹಾಗೆ ಹೇಳುತ್ತಿತ್ತು.

ಅಫಜಲಪುರ ತಾಲ್ಲೂಕು, ಹವಳಗಾದ ಹತ್ತಿರ ಒಂದು ಮನೆ. ನಾವು ಹೋದದ್ದು ಸೋಮವಾರ. ಹಿಂದಿನ ದಿನವಷ್ಟೇ ಅತ್ತೆ ಸೊಸೆಗೆ ಉಪ್ಪಿನಕಾಯಿ ಭರಣಿಯ ಮೇಲೆ ಜಗಳವಾಗಿ, ಅತ್ತೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದ್ದಳು. ಫಾರಂ ಪ್ರಕಾರ ಎರಡು ಕುಟುಂಬ, ಎರಡು ನಂಬರು. ಸರಿ, ನಾನೇ ತುಂಬಿಕೊಟ್ಟೆ.

ಗುರುವಾರ ಸಾಹೇಬರು ತಪಾಸಣೆಗೆ ಒಬ್ಬರೇ ಹೋಗಿ ಬಂದವರು, ನನ್ನನ್ನು ಕರೆದು ಕಣ್ಣಲ್ಲಿ ಕಣ್ಣಿಟ್ಟರು. "ಮೇಡಂ, ನೀವು ಬರೆದ ಒಂದು ಕುಟುಂಬ ಅಲ್ಲಿ ಇಲ್ಲವೇ ಇಲ್ಲ. ಮಾಯವಾಗಿದೆ. ಕೂತಲ್ಲೇ ತುಂಬಿದಿರಾ?"

ಇಷ್ಟು ವರ್ಷದಲ್ಲಿ ನನಗೆ ಕಳ್ಳಿ ಎಂದವರಿಲ್ಲ. "ಸಾಹೇಬ್ರ, ಕುಟುಂಬ ಮಾಯ ಆಗಿಲ್ಲ. ರಾಜಿ ಆಗ್ಯಾದ" ಎಂದೆ. "ಬೇಕಾದ್ರ ಹೋಗಿ ಮತ್ತ ಜಗಳಾ ಹಚ್ಚಿ ಬರ್ತೇನಿ. ನಂಬರ್ ವಾಪಸ್ ಬರ್ತದ."

ಕುಟುಂಬ ಇಲ್ಲವಾದದ್ದಕ್ಕೆ ಫಾರಂನಲ್ಲಿ ಎರಡೇ ಕಾರಣ: ಮರಣ, ವಲಸೆ. ರಾಜಿ ಇರಲಿಲ್ಲ. ಪುಣ್ಯಕ್ಕೆ ಸಾಹೇಬರು ವಲಸೆ ಎಂದು ಬರೆದರು. ಹಾಗೆ ಆ ಅತ್ತೆ, ಮನೆಯ ಮುಂದಿನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಲ್ಲಿಂದಲೇ ವಲಸೆ ಹೋದಳು.

೪. ಉಪವಾಸ

ಜೇವರ್ಗಿಯಿಂದ ಯಡ್ರಾಮಿ ಕಡೆ ಹೋಗುವ ದಾರಿಯ ಒಂದು ಹಳ್ಳಿ. ಅಲ್ಲಿ ಒಬ್ಬ ತಾಯಿ ಬಾಗಿಲಲ್ಲೇ ಒಲೆ ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಅವಳ ಮಗಳು ಶಾಲೆಯಲ್ಲಿ ಐದನೇ ಇಯತ್ತೆ. ನಮ್ಮ ಕೇಂದ್ರಕ್ಕೆ ಬಂದಾಗ ಅವಳಿಗೆ ಅ ಯಾವುದು ಆ ಯಾವುದು ಗೊತ್ತಿರಲಿಲ್ಲ.

"ಕಳೆದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಮಗು ಎಷ್ಟು ಬಾರಿ ಅನ್ನ ಸೇವಿಸಿದೆ?" ಎಂದರು ಸಾಹೇಬರು.

"ನಿನ್ನಿ ಅನ್ನ ಮಾಡೇ ಇಲ್ರಿ."

"ಮೊನ್ನೆ?"

"ಮೊನ್ನಿನೂ ಇಲ್ರಿ."

ಸಾಹೇಬರ ಕಣ್ಣು ತುಂಬಿ ಬಂತು. ಅವರ ಬೆನ್ನ ಹಿಂದೆ ಆ ಹುಡುಗಿ ಪುಂಡಿಪಲ್ಯ ಹಚ್ಚಿಕೊಂಡು ಮೂರನೇ ರೊಟ್ಟಿ ಮುರಿಯುತ್ತಿದ್ದಳು. ಈ ಸಲ ನಾನು ಮೊದಲ ಪುಟಕ್ಕೆ ಹೆದರಲಿಲ್ಲ. "ಸಾಹೇಬ್ರ, ಸ್ವಲ್ಪ ಹಿಂದ ಹೊಳ್ಳಿ ನೋಡ್ರಿ" ಎಂದೆ. ನೋಡಿದರು. "ಏನ್ ಮಾಡ್ಲಿ ಮೇಡಂ, ಫಾರಂನಲ್ಲಿ ಅನ್ನ ಅಂತ ಇದೆ. ರೊಟ್ಟಿ 'ಇತರೆ'ಗೆ ಹೋಗುತ್ತೆ" ಎಂದರು. ಇತರೆಯಲ್ಲಿ ಬಿಸ್ಕತ್ತು, ಚಿಪ್ಸ್ ಇದ್ದವು. ಅದಕ್ಕೆ ಅಂಕವಿಲ್ಲ. ನಮ್ಮ ಜೋಳ ಹೋಗಿ ಚಿಪ್ಸಿನ ಪಕ್ಕ ಕುಳಿತಿತು.

"ಏನ್ ಬರದ್ರಿ ಅಕ್ಕಾರ?" ಎಂದು ತಾಯಿ ನನ್ನನ್ನು ಕೇಳಿದಳು.

"ನಿನ್ನ ಮಗಳು ಉಪವಾಸ ಅದಾಳಂತ."

ಅವಳು ಮಗಳ ಕಡೆ ತಿರುಗಿದಳು. "ಕೇಳಿದ್ಯೇನ ಬೇ? ನೀ ಉಪವಾಸ ಅದೀಯಂತ. ತಗೋ, ಇನ್ನೊಂದ್ ರೊಟ್ಟಿ ತಿನ್ನು."

೫. ಸಹಿ

ವರದಿ ಬಂತು. ಮಕ್ಕಳು ಉಪವಾಸ, ಶಾಲೆಯಿಂದ ಹೊರಗೆ, ಕುಟುಂಬಗಳು ವಲಸೆ. ಆದ್ದರಿಂದ ಕೇಂದ್ರಗಳಿಂದ ಪ್ರಯೋಜನವಾಗಿಲ್ಲ, ಮುಚ್ಚುವುದು ಸೂಕ್ತ. ಕೊನೆಗೆ ಒಂದು ಗೆರೆ: ಕ್ಷೇತ್ರದಲ್ಲಿ ಪರಿಶೀಲಿಸಲಾಗಿದೆ, ಮೇಲ್ವಿಚಾರಕಿಯ ಸಹಿ.

"ನಾ ಮಾಡಂಗಿಲ್ರಿ" ಎಂದೆ.

"ಅದೊಂದು ಪದ್ಧತಿ ಅಷ್ಟೇ" ಎಂದರು ಅಧ್ಯಕ್ಷೆ.

"ಪದ್ಧತಿಗೆ ಸುಳ್ಳು ಬರೀಲಾರೆ. ಕೆಲಸಾ ಬಿಡ್ರಿ ಅಂದ್ರ ಬಿಡ್ತೇನಿ. ಸಹಿ ಮಾತ್ರ ಮಾಡಂಗಿಲ್ಲ."

ಅವರು ನನ್ನನ್ನೊಮ್ಮೆ ನೋಡಿ, ಭಾನುವಾರ ಎಲ್ಲರೂ ಕೂಡಿ ಒಂದು ಮನೆಗೆ ಹೋಗಿ ನೋಡೋಣ ಎಂದರು. ನಾನು ಅದೇ ರೊಟ್ಟಿ ಬಡಿಯುವ ತಾಯಿಯ ಮನೆಗೆ ಕರೆದೊಯ್ದೆ. ಮುಚ್ಚುವ ಸುದ್ದಿ ಅವಳಿಗೆ ಮುಟ್ಟಿತ್ತು. ಸಾಹೇಬರು ಹೊಸ ಫಾರಂ ತೆಗೆದದ್ದೇ ತಡ, ಅವಳು ಕೈಯಿಂದ ಇಸಿದುಕೊಂಡಳು.

"ನೀವು ಕೇಳೂದು ಆಮ್ಯಾಲ. ಹೋದ ಸಲ ನೀವು ಕೇಳೀರಿ, ಈ ಸಲ ನಾವು ಕೇಳ್ತೀವಿ" ಎಂದು ಫಾರಂ ಮಗಳ ಕೈಗೆ ಕೊಟ್ಟಳು. "ಓದ್ ಬೇ."

ಹುಡುಗಿ ಓದಿದಳು. ನನ್ನ ನಾಲಗೆ ತೊಡರಿದಲ್ಲೆಲ್ಲ ಅವಳ ನಾಲಗೆ ಸರಾಗವಾಗಿ ಓಡಿತು. "ಕಳೆದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಎಷ್ಟು ಬಾರಿ ಅನ್ನ ಸೇವಿಸಿದ್ದೀರಿ?"

ಸಾಹೇಬರು ಅಧ್ಯಕ್ಷೆಯ ಕಡೆ ನೋಡಿದರು. "ಉತ್ತರ ಕೊಡಿ" ಎಂದರು ಅವರು.

"ಇಲ್ಲ. ಶುಗರ್ ಇದೆ, ಅನ್ನ ಬಿಟ್ಟಿದ್ದೇನೆ. ಓಟ್ಸ್ ತಿಂತೀನಿ."

"ಅದು ಇತರೆ" ಎಂದು ಹುಡುಗಿ ಸೊನ್ನೆ ಹಾಕಿದಳು. "ಎಷ್ಟು ಮಕ್ಕಳು ಶಾಲೆಯಿಂದ ಹೊರಗಿದ್ದಾರೆ?"

"ಇಬ್ಬರು. ಇವತ್ತು ಭಾನುವಾರ ಅಲ್ವಾ, ಹೊರಗೆ ಆಡ್ತಿರ್ತಾರೆ."

"ಇಬ್ಬರೂ ಹೊರಗೆ" ಎಂದು ಬರೆದಳು. "ಕುಟುಂಬಕ್ಕೆ ಎಷ್ಟು ಒಲೆ?"

ಸಾಹೇಬರ ಸ್ವರ ಇಳಿಯಿತು. "ಹೆಂಡತಿ ಬೆಂಗಳೂರಲ್ಲಿ, ನಾನು ಕಲಬುರಗಿಯಲ್ಲಿ ರೂಮು ಮಾಡಿದ್ದೀನಿ. ಎರಡು."

ಹುಡುಗಿ ಹದಿನಾರನೇ ಪುಟಕ್ಕೆ ಹೋಗಿ, ಬೆರಳು ಮಡಚಿ ಕೂಡಿಸಿ, ಫಲಿತಾಂಶದ ಸಾಲನ್ನು ಒಂದಕ್ಷರ ತಪ್ಪದೆ ಓದಿದಳು: "ಈ ಕುಟುಂಬವು ಅತ್ಯಂತ ಸಂಕಷ್ಟದಲ್ಲಿದ್ದು, ತುರ್ತು ನೆರವಿನ ಅವಶ್ಯಕತೆಯಿದೆ."

"ಅಯ್ಯ ಶಿವನೇ!" ಎಂದು ತಾಯಿ ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ಸಾಹೇಬರ ಮುಂದಿಟ್ಟಳು. ಆಮೇಲೆ ಅಧ್ಯಕ್ಷೆಯ ಕಡೆ ತಿರುಗಿ, "ಕೇಂದ್ರ ಮುಚ್ಚಬ್ಯಾಡ್ರಿ ಬಾಯಾರ. ಸಾಹೇಬ್ರ ಮಕ್ಕಳ ಹೆಸರೂ ಹಚ್ಚಿಕೋರಿ. ಪಾಪ, ಅವೂ ಕಲೀಲಿ" ಎಂದಳು.

ಅಧ್ಯಕ್ಷೆ ನಗಲಿಲ್ಲ. ಹುಡುಗಿಯ ಕೈಯಿಂದ ಫಾರಂ ತೆಗೆದುಕೊಂಡು ಅವಳ ಅಕ್ಷರ ನೋಡಿದರು, ಮತ್ತೆ ನೋಡಿದರು. ಮುಚ್ಚುವ ಮಾತು ಆ ಬಾಗಿಲಲ್ಲೇ ಮುಗಿಯಿತು. ಸಾಹೇಬರೂ ಒಳ್ಳೆಯವರೇ, ರೊಟ್ಟಿ ಮುರಿಯುತ್ತ ತಾವೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಅವರ ವರದಿಗೆ ನಾನು ಇವತ್ತಿಗೂ ಸಹಿ ಮಾಡಿಲ್ಲ. ಸಾಹೇಬರ ಮನೆಯ ಫಾರಂಗೆ ಮಾತ್ರ ಅಲ್ಲೇ, ಹೊರಸಿನ ಮೇಲಿಟ್ಟುಕೊಂಡು, ದಪ್ಪಕ್ಷರದಲ್ಲಿ ಮಾಡಿದೆ: ಕ್ಷೇತ್ರದಲ್ಲಿ ಪರಿಶೀಲಿಸಲಾಗಿದೆ.