ಭಾಮೈದ ತುಂಬಿಸಿದ ಬಾಟಲಿ

ನಮ್ಮ ಬುಡಕಟ್ಟಿನ ಪದ್ಧತಿಯಂತೆ ಇಡೀ ಊರಿನೆದುರು ಸುನ್ನತಿಯ ಚೂರಿಗೆ ರೆಪ್ಪೆ ಮಿಟುಕಿಸದೆ ನಿಂತ ಗಂಡಸು ನಾನು! ಅಂಥವನಿಗೆ ಬೆರಳುದ್ದದ ಪ್ಲಾಸ್ಟಿಕ್ ಬಾಟಲಿ ಯಾವ ಲೆಕ್ಕ? ಐದು ತಿಂಗಳ ಬಸುರಿ ಹೆಂಡತಿ ನಂಬೋಜೊ, "ರೀ, ಆಸ್ಪತ್ರೇಲಿ ಗಂಡಂದಿರ ಮೂತ್ರಾನೂ ಪರೀಕ್ಷೆ ಮಾಡ್ತಾರಂತೆ. ಗುಪ್ತರೋಗ ಇದ್ರೆ ಹುಟ್ಟೋ ಮಗು ಕಣ್ಣಿಗೇ ಅಪಾಯವಂತೆ," ಎಂದಾಗ ಎದೆ ತಟ್ಟಿಕೊಂಡೆ.

"ನಡಿಯೇ! ಈ ಮಾಫಾಬಿ ಅಪ್ಪಟ ಚಿನ್ನ ಅಂತ ಮೊಹರು ಹಾಕಿಸ್ಕೊಂಡೇ ಬರ್ತೀನಿ!"

ಬಾಡಿಗೆ ಮೋಟಾರ್ ಸೈಕಲ್ಲಿನಲ್ಲಿ ನಮ್ಮನ್ನು ಎಂಬಾಲೆ ಪೇಟೆಯ ಆಸ್ಪತ್ರೆಗೆ ಕರೆದೊಯ್ದವನು ಅವಳ ತಮ್ಮ ವಂಬೆಡೆ. ಚರ್ಚಿನ ಹಾಡುಗಾರರ ಮುಖಂಡ, ಮದುವೆ ಗೊತ್ತಾಗಿದ್ದ ಹುಡುಗ. ದಾರಿಯುದ್ದಕ್ಕೂ ಗಂಡಸಿನ ಶೀಲದ ಮೇಲೆ ನನಗೆ ಉಪದೇಶ!

ಅಲ್ಲಿನ ನರ್ಸ್ ಸಿಸ್ಟರ್ ಖೈನ್ಜಾ ಬಾಟಲಿ ಎತ್ತಿ ಕೇಳಿದರು: "ಕಡೇ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ?"

"ಈಗಷ್ಟೇ, ಗೇಟಿನ ಹತ್ತಿರ."

"ಸರಿಹೋಯ್ತು! ತಡೆದು ಇಟ್ಕೊಂಡಿದ್ರೇನೇ ಪರೀಕ್ಷೆ. ಎರಡು ಗಂಟೆ ಕೂತ್ಕೊಳ್ಳಿ."

ಕೂತೆ. ಎರಡು ಗಂಟೆ ಕಳೆದು ಬಾಟಲಿ ಹಿಡಿದು ಪಾಯಿಖಾನೆ ಹೊಕ್ಕರೆ ಬಾಗಿಲಿಗೆ ಚಿಲಕವಿಲ್ಲ! ಹೊರಗೆ ಬಸುರಿಯರ ಉದ್ದ ಸಾಲು. ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಬಾಟಲಿ. ಆಗ ನನ್ನವಳ ಕೂಗು: "ರೀ, ಬಂತಾ?"

ಸಾಲಿಗೆ ಸಾಲೇ ಕಿವಿಗೊಟ್ಟಿತು. ಬಂದದ್ದು ಬೆವರು ಮಾತ್ರ!

ಅಷ್ಟರಲ್ಲಿ ಅವಳನ್ನು ತಪಾಸಣೆಗೆ ಒಳಗೆ ಕರೆದರು; ಇತ್ತ ವಂಬೆಡೆ ಬಾಗಿಲು ತಟ್ಟಿದ. "ಭಾವ, ಬೇಗ! ನನಗೆ ತಡ್ಕೊಳ್ಳೋಕಾಗ್ತಿಲ್ಲ!"

ಕೆಟ್ಟ ಬುದ್ಧಿಗೆ ಕರೆಯೋಲೆ ಬೇಕೇ? ಅವನನ್ನು ಒಳಗೆಳೆದು ಬಾಟಲಿ ಕೊಟ್ಟೆ. "ಇದಕ್ಕೇ ಬಿಡಪ್ಪ!"

"ಪಾಪ ಅಲ್ವಾ ಭಾವ?"

"ಪರೋಪಕಾರ ಕಣೋ!"

ವಾರದ ನಂತರ ಸಿಸ್ಟರ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನಂಬೋಜೊ, ನಿಮ್ಮದು ಸರಿಯಿದೆ. ನಿಮ್ಮ ಯಜಮಾನ್ರದ್ರಲ್ಲಿ ಕ್ಲಮಿಡಿಯಾ ಅನ್ನೋ ಗುಪ್ತರೋಗದ ಸೋಂಕಿದೆ. ವಾಸಿಯಾಗೋ ಕಾಯಿಲೆ, ಹೆದರಬೇಡಿ. ಆದ್ರೆ ಇಬ್ರೂ ಮಾತ್ರೆ ತಗೋಬೇಕು."

ನಂಬೋಜೊ ಕಣ್ಣೊರೆಸಿಕೊಂಡು ಮಾತ್ರೆಗೆ ಕೈ ಚಾಚಿದಳು. ಹೊಟ್ಟೆಯಲ್ಲಿ ಕೂಸು, ಇಲ್ಲದ ರೋಗಕ್ಕೆ ಔಷಧಿ! ಅವಳ ಕೈ ಹಿಡಿದು ತಡೆದೆ.

"ಬೇಡ ಕಣೇ! ಅದು ನಂದಲ್ಲ!"

"ಸಿಕ್ಕಿಬಿದ್ದ ಗಂಡಸ್ರೆಲ್ಲ ಹೇಳೋದು ಅದೇ!"

"ದೇವರಾಣೆ, ಮೂತ್ರಾನೇ ನಂದಲ್ಲ! ನಿನ್ನ ತಮ್ಮಂದು!"

ಹೊರಗೆ ಬೆಂಚಿನ ಮೇಲೆ ವಂಬೆಡೆ ಗುನುಗುತ್ತಿದ್ದ ಸ್ತೋತ್ರ ಅರ್ಧಕ್ಕೇ ನಿಂತಿತು. ಒಳಗೆ ಬಂದವನೇ ಕುಸಿದು ಕೂತ. "ಹೋದ ವರ್ಷ, ಅಕ್ಕಾ... ಯಾರೋ ಒಬ್ಬಳ ಜೊತೆ... ಒಂದೇ ಒಂದು ಸಲ..."

ಸಿಸ್ಟರ್ ಇಬ್ಬರಿಗೂ ಮಂಗಳಾರತಿ ಎತ್ತಿದರು. ಆ ಬಾಟಲಿ ಇಲ್ಲದಿದ್ದರೆ ಅವನಿಗೆ ತಿಳಿಯದೇ ಉಳಿಯುತ್ತಿದ್ದ ರೋಗ! ಅವನು ಮದುವೆಯಾಗಬೇಕಿದ್ದ ಹುಡುಗಿ ಮುಟೋನ್ಯಿಗೆ ತಾನೇ ಹೋಗಿ ಹೇಳಿದ. ಅವಳು ಅತ್ತಳು, ಬೈದಳು, ಒಂದು ವಾರ ಮುಖ ತೋರಿಸಲಿಲ್ಲ. ಕೊನೆಗೆ ತಾನೂ ಪರೀಕ್ಷೆ ಮಾಡಿಸಿಕೊಂಡಳು; ಇಬ್ಬರೂ ಮಾತ್ರೆ ನುಂಗಿದರು. ನಾನು? ಹೆಂಡತಿಯ ಕಾವಲಿನಲ್ಲಿ, ಸ್ವಂತದ್ದೇ ಕೊಟ್ಟೆ. ಸೋಂಕಿಲ್ಲ ಎಂದು ಬಂತು.

ಮದುವೆಯ ದಿನ ವಂಬೆಡೆಗೆ ಭಾವಾವೇಶ. ಚರ್ಚು ತುಂಬಿದ ಜನರೆದುರು ಗದ್ಗದಿತನಾಗಿ ಹೇಳಿದ: "ಅವತ್ತು ನಮ್ಮ ಭಾವ ಕೈಗೆ ಬಾಟಲಿ ಕೊಡದೇ ಇದ್ದಿದ್ರೆ ನನ್ನ ಬಾಳು ಹಾಳಾಗ್ತಿತ್ತು!"

ಮರುದಿನ ಬೆಳಿಗ್ಗೆಯೇ ಪಾದ್ರಿಗಳು ಮನೆಗೆ ಬಂದರು. ಚಹಾ ಮುಟ್ಟದೆ ನನ್ನ ಹೆಗಲ ಮೇಲೆ ಕೈಯಿಟ್ಟರು. "ಮಗನೇ, ತಂದೆಯಾಗೋನು ನೀನು. ಬಾಟಲಿ ಸಹವಾಸ ಬಿಟ್ಬಿಡಪ್ಪ."

ನಿಜ ಹೇಳಿದರೆ ಭಾಮೈದನ ಮಾನ, ಹೇಳದಿದ್ದರೆ ನನ್ನ ಮಾನ! ಕಾಪಾಡು ಎಂದು ಹೆಂಡತಿಯ ಮುಖ ನೋಡಿದೆ.

"ತಾವೇ ಬುದ್ಧಿ ಹೇಳಿ ಪಾದ್ರಿಗಳೇ," ಎಂದಳು ನಂಬೋಜೊ, ಚಹಾ ಮುಂದೆ ಸರಿಸುತ್ತ. "ಬಾಟಲಿ ತುಂಬಿಸೋಕೂ ಇನ್ನೊಬ್ರನ್ನೇ ನೆಚ್ಕೊಂಡಿರೋ ಗಂಡಸು ಇವರು!"